ಪಾಠ ಬಿಟ್ಟು ಹೊಸ ಸಂಗೀತಕ್ಕೆ ಇಳಿಯಲೇ?

ಪ್ರಶ್ನೆ: ನನಗೆ 26 ವರ್ಷ. ಊರು ಹಾಸನ, ಈಗ ಬೆಂಗಳೂರಿನಲ್ಲಿದ್ದೇನೆ. ಚಿಕ್ಕಂದಿನಲ್ಲಿ ಕರ್ನಾಟಕ ಶೈಲಿಯ ಪಿಟೀಲು ಕಲಿತು ಸೀನಿಯರ್ ಪಾಸು ಮಾಡಿದೆ. ಆಮೇಲೆ ವೆಸ್ಟರ್ನ್ ಕಡೆ ವಾಲಿ ಲಂಡನ್ನಿನ ಟ್ರಿನಿಟಿ ಸಂಗೀತ ಪರೀಕ್ಷೆಯಲ್ಲಿ ಎಂಟನೇ ಗ್ರೇಡ್ ಮುಗಿಸಿದೆ. ಸದ್ಯ 34 ಮಕ್ಕಳಿಗೆ ಪಾಠ ಹೇಳುತ್ತೇನೆ. ಹೋದ ವರ್ಷ ಗೆಳೆಯರೊಬ್ಬರು ಬರೆದ ಹೊಸ ಕೃತಿಯೊಂದನ್ನು ನುಡಿಸಿದೆ. ರಾಗವಿಲ್ಲ, ತಾಳವಿಲ್ಲ, ಬರೀ ಸದ್ದಿನ ಆಟ. ನನಗೆ ಅದರ ಹುಚ್ಚೇ ಹಿಡಿದಿದೆ. ಅಪ್ಪ ಮಾತ್ರ "ಬಾಗಿಲು ಕಿರುಗುಟ್ಟಿದ ಹಾಗಿದೆ, ಇದಕ್ಕೆ ಯಾರಮ್ಮ ದುಡ್ಡು ಕೊಡ್ತಾರೆ" ಅಂದರು. ಪಾಠದ ಗಡಿಬಿಡಿಯಲ್ಲಿ ನನ್ನ ಅಭ್ಯಾಸಕ್ಕೆ ಹೊತ್ತೇ ಸಿಗುತ್ತಿಲ್ಲ. ಎರಡು ವರ್ಷ ಪಾಠ ಬಿಟ್ಟು ಪೂರ್ತಿ ಹೊಸ ಸಂಗೀತಕ್ಕೇ ಇಳಿಯಲೇ? ಅದಕ್ಕೆ ಹೊರದೇಶದಲ್ಲಿ ಮಾಸ್ಟರ್ಸ್ ಮಾಡಲೇಬೇಕೇ?

ಉತ್ತರ: ಬಿಡಬೇಡಿ. ಆದರೆ 34 ಮಕ್ಕಳು ಜಾಸ್ತಿಯಾಯಿತು. 18ಕ್ಕೆ ಇಳಿಸಿ.

ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾದೀತು. ಪಿಟೀಲಿನವರು ಮಾತಿಗೆ ಕೂತರೆ ಹಾಗೇ. ತಲೆ ತಿನ್ನುವುದಕ್ಕೆ ನಮ್ಮಲ್ಲಿ 'ಪಿಟೀಲು ಕುಯ್ಯೋದು' ಅನ್ನುವ ಹೆಸರು ಸುಮ್ನೆ ಬಂದಿಲ್ಲ.

ಮೊದಲು ನಿಮ್ಮ ತಂದೆಯವರ ಮಾತು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಬರೀ ಹೊಸ ಸಂಗೀತ ನುಡಿಸಿ, ಅದರ ಟಿಕೆಟ್ ದುಡ್ಡಿನಲ್ಲೇ ಮನೆ ನಡೆಸಿದ ಪಿಟೀಲುಗಾರರು ಎಲ್ಲ ಕಾಲದಲ್ಲೂ ಬೆರಳೆಣಿಕೆಯವರು. ಯುರೋಪು, ಅಮೆರಿಕದಲ್ಲೂ ಅಷ್ಟೇ. ದೊಡ್ಡ ಹೆಸರಿನವರ ಬದುಕನ್ನು ಸ್ವಲ್ಪ ಕೆದಕಿ ನೋಡಿ. ಒಂದೋ ಆರ್ಕೆಸ್ಟ್ರಾ ಕೆಲಸ ಇರುತ್ತದೆ, ಇಲ್ಲವೇ ಪಾಠದ ಕೋಣೆ ಇರುತ್ತದೆ. ಎಷ್ಟೋ ಜನಕ್ಕೆ ಎರಡೂ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಲೂಯಿಸ್ ಕ್ರಾಸ್ನರ್. ಉಕ್ರೇನಿನಲ್ಲಿ 1903ರಲ್ಲಿ ಹುಟ್ಟಿ, ಎಳೆವಯಸ್ಸಿನಲ್ಲೇ ಅಮೆರಿಕಕ್ಕೆ ಬಂದು ಬೆಳೆದವರು. ಆಗಿನ್ನೂ ಅಂಥ ಹೆಸರೇನೂ ಇರಲಿಲ್ಲ. 1935ರಲ್ಲಿ ವಿಯೆನ್ನಾದ ಸಂಯೋಜಕ ಅಲ್ಬನ್ ಬರ್ಗ್ ಬಳಿ ಹೋಗಿ, ನನಗೊಂದು ಪಿಟೀಲು ಕಾನ್ಸರ್ಟೊ (ಒಂಟಿ ಪಿಟೀಲು ಇಡೀ ಆರ್ಕೆಸ್ಟ್ರಾ ಜೊತೆ ನುಡಿಸುವ ದೊಡ್ಡ ಕೃತಿ) ಬರೆದುಕೊಡಿ ಎಂದು ಕೇಳಿದರು. 1500 ಡಾಲರ್ ಕೊಡುತ್ತೇನೆ ಅಂದರು. ನಾಜಿಗಳ ಕಾಲ. ಬರ್ಗ್ ಕೃತಿಗಳಿಗೆ ಜರ್ಮನಿಯಲ್ಲಿ ಬಾಗಿಲು ಮುಚ್ಚಿತ್ತು, ಕೈಯಲ್ಲಿ ಕಾಸಿರಲಿಲ್ಲ. ಆದರೂ ಅವರಿಗೆ ಅಷ್ಟು ಮನಸ್ಸಿರಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ, ಅವರಿಗೆ ಬೇಕಾದ ಮನೆಯ ಹುಡುಗಿ ಮನೋನ್ ಗ್ರೋಪಿಯಸ್ 18ನೇ ವಯಸ್ಸಿಗೇ ತೀರಿಕೊಂಡಳು. ಆ ಸಂಕಟದಲ್ಲಿ ಬರೆಯಲು ಕೂತವರು ಆಗಸ್ಟ್ ಹೊತ್ತಿಗೆ ಮುಗಿಸಿಯೇಬಿಟ್ಟರು. ಡಿಸೆಂಬರ್‌ನಲ್ಲಿ ಅವರೂ ಹೋದರು. ತಾವು ಬರೆದದ್ದನ್ನು ಕೇಳಲಿಲ್ಲ. 1936ರ ಏಪ್ರಿಲ್‌ನಲ್ಲಿ ಬಾರ್ಸಿಲೋನಾದಲ್ಲಿ ಕ್ರಾಸ್ನರ್ ಅದನ್ನು ಮೊದಲ ಸಲ ನುಡಿಸಿದರು. 1940ರಲ್ಲಿ ಇನ್ನೊಬ್ಬ ಸಂಯೋಜಕ ಶೋನ್‌ಬರ್ಗ್ ಅವರ ಕಾನ್ಸರ್ಟೊವನ್ನು ಮೊದಲು ನುಡಿಸಿದವರೂ ಇವರೇ. 20ನೇ ಶತಮಾನದ ಎರಡು ದೊಡ್ಡ ಪಿಟೀಲು ಕೃತಿಗಳು ಒಬ್ಬರದೇ ಕೈಯಿಂದ ಹೊರಗೆ ಬಂದವು.

ಇಷ್ಟೆಲ್ಲ ಮಾಡಿದವರು ಆಮೇಲೆ ಏನಾದರು? ಐದು ವರ್ಷ ಮಿನಿಯಾಪೊಲಿಸ್ ಆರ್ಕೆಸ್ಟ್ರಾದ ಮುಖ್ಯ ಪಿಟೀಲುಗಾರರಾಗಿದ್ದರು. 1949ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ಮೇಷ್ಟ್ರಾಗಿ ಸೇರಿದರು. ಅಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಪಾಠ. ಅದಾದ ಮೇಲೆ ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ ಎಂಬ ಸಂಗೀತ ಕಾಲೇಜಿನಲ್ಲಿ ಮತ್ತೆ ಪಾಠ. ನಮ್ಮಲ್ಲಾದರೆ 'ಪಾಪ, ಕೊನೆಗೆ ಪಾಠಕ್ಕೆ ಇಳಿದರು' ಅನ್ನುತ್ತಿದ್ದರು. ನಿಮ್ಮ ಪತ್ರದಲ್ಲೂ ಆ 'ಪಾಪ' ಸ್ವಲ್ಪ ಇಣುಕುತ್ತಿದೆ, ಅಲ್ವಾ?

ಈಗ ಆ ಬರ್ಗ್ ಕಾನ್ಸರ್ಟೊ ಹೇಗೆ ಶುರುವಾಗುತ್ತದೆ ನೋಡಿ. ಎರಡನೇ ಬಾರಿನಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ ಎರಡನೇ ಆವರ್ತದಲ್ಲೇ, ಪಿಟೀಲು ಒಳಗೆ ಬರುತ್ತದೆ. ಏನು ನುಡಿಸುತ್ತದೆ ಗೊತ್ತೇ? ಜಿ, ಡಿ, ಎ, ಇ. ನಾಲ್ಕು ಖಾಲಿ ತಂತಿ. ಎಡಗೈಗೆ ಕೆಲಸವೇ ಇಲ್ಲ. ಕೆಳಗಿನಿಂದ ಮೇಲಕ್ಕೆ ಒಂದೊಂದೇ ತಂತಿ, ಮೇಲಿನಿಂದ ಹಾಗೇ ಕೆಳಕ್ಕೆ. ಪಾಠಕ್ಕೆ ಬಂದ ಮಗುವಿಗೆ ಮೊದಲ ವಾರ ನೀವು ಮಾಡಿಸುವುದೂ ಇದನ್ನೇ. ಹನ್ನೆರಡು ಸ್ವರದ ಕಷ್ಟದ ಲೆಕ್ಕಾಚಾರದ ಮೇಲೆ ಕಟ್ಟಿದ ಕೃತಿ ಅದು. ಆದರೆ ಬಾಗಿಲು ತೆರೆಯುವುದು ಬಾಲಪಾಠದ ಸದ್ದಿನಿಂದ. ನಾನು ಹೊಸ ಮಕ್ಕಳಿಗೆ ಖಾಲಿ ತಂತಿ ಪಾಠವಾದ ಮೇಲೆ ಆ ಎರಡು ನಿಮಿಷ ಕೇಳಿಸುತ್ತೇನೆ. 'ನಾನು ನುಡಿಸಿದ್ದೇ ಇದು' ಅಂತ ಅವುಗಳಿಗೆ ತಕ್ಷಣ ಗೊತ್ತಾಗುತ್ತದೆ. ಆಮೇಲೆ ಬರುವುದು ಏನೇ ಇರಲಿ, ಹೆದರುವುದಿಲ್ಲ.

ಪಾಠ ಬೇರೆ, ಹೊಸ ಸಂಗೀತ ಬೇರೆ ಅಂದುಕೊಂಡು ನಾನೂ ಏಳೆಂಟು ವರ್ಷ ಒದ್ದಾಡಿದೆ. ಮಧ್ಯಾಹ್ನ ಮಕ್ಕಳಿಗೆ ಸ್ಕೇಲು (ನಮ್ಮ ಆರೋಹಣ, ಅವರೋಹಣ ಇದ್ದ ಹಾಗೆ), ರಾತ್ರಿ ನನಗೆ ಕಷ್ಟದ ಕೃತಿ. ಎರಡಕ್ಕೂ ನ್ಯಾಯ ಸಿಗುತ್ತಿರಲಿಲ್ಲ. ನನ್ನ ಕಣ್ಣು ತೆರೆಸಿದ್ದು ಏಳು ವರ್ಷದ ಒಬ್ಬ ಹುಡುಗ. ಅವನ ಕಮಾನು ಯಾವಾಗಲೂ ಕುದುರೆ (ತಂತಿಗಳನ್ನು ಹೊತ್ತು ನಿಲ್ಲುವ ಸಣ್ಣ ಮರದ ತುಂಡು) ಕಡೆಗೆ ಜಾರುತ್ತಿತ್ತು. 'ಅಲ್ಲಿಗೆ ಹೋಗಬೇಡ, ಹೋಗಬೇಡ' ಅಂತ ನಾಲ್ಕು ವಾರ ಹೇಳಿ ಸಾಕಾಗಿತ್ತು. ಒಂದು ದಿನ ಬೇಸರಕ್ಕೆ, 'ಸರಿಯಪ್ಪ, ಹೋಗು, ಕುದುರೆ ಮೇಲೇ ಎಳಿ' ಅಂದೆ. ಎಳೆದ. ಸಣ್ಣಗೆ, ಚೂಪಾಗಿ ಒಂದು ಸದ್ದು. "ಸರ್, ಸೊಳ್ಳೆ!" ಅಂತ ಕಿರುಚಿದ. ಅವತ್ತಿನ ಇಡೀ ಪಾಠ ಸೊಳ್ಳೆಯದೇ. ಸೊಳ್ಳೆ ಹತ್ತಿರ ಬಂತು, ದೂರ ಹೋಯಿತು, ಫ್ಯಾನ್ ಹಾಕಿದರು, ಓಡಿತು. ಕಮಾನನ್ನು ಕುದುರೆಯಿಂದ ಫಿಂಗರ್‌ಬೋರ್ಡ್ (ಬೆರಳು ಒತ್ತುವ ಕಪ್ಪು ಪಟ್ಟಿ) ಮೇಲಿನವರೆಗೆ ತಂದ, ಮತ್ತೆ ವಾಪಸ್ ಒಯ್ದ. ಫಿಂಗರ್‌ಬೋರ್ಡ್ ಮೇಲೆ ಸದ್ದು ಕೊಳಲಿನಂತೆ ತೆಳ್ಳಗಾಗುವುದನ್ನು ತಾನೇ ಕಂಡುಕೊಂಡ. ಮುಂದಿನ ವಾರ ಬಂದಾಗ ಕಮಾನು ನಡುವೆಯೇ ನಿಂತಿತ್ತು. ಎರಡು ತುದಿ ನೋಡಿ ಬಂದವನಿಗೆ ನಡು ಎಲ್ಲಿದೆ ಅಂತ ಹೇಳಿಕೊಡಬೇಕಾಗಲಿಲ್ಲ.

ಕುದುರೆ ಹತ್ತಿರ ಎಳೆದಾಗ ತಂತಿಯ ಮೂಲ ಸ್ವರ ಸೊರಗಿ, ಮೇಲಿನ ಸಣ್ಣ ಸ್ವರಗಳು ಎದ್ದು ಬರುತ್ತವೆ. ಅಷ್ಟೇ ಅದರ ಗುಟ್ಟು. ಹೊಸ ಕೃತಿಗಳಲ್ಲಿ ಇದು ಪುಟಪುಟಕ್ಕೂ ಸಿಗುತ್ತದೆ. ಕಮಾನಿನ ಕಡ್ಡಿಯಿಂದ ತಂತಿಗೆ ಹೊಡೆಯುವುದು, ತಂತಿ ಎಳೆದು ಫಿಂಗರ್‌ಬೋರ್ಡಿಗೆ ಬಡಿಯುವಂತೆ ಮೀಟುವುದು, ಬೆರಳು ಸುಮ್ನೆ ತಾಗಿಸಿ ಸಿಳ್ಳಿನಂಥ ಸ್ವರ ಎಬ್ಬಿಸುವುದು, ಎಲ್ಲ ಇದರ ದಾಯಾದಿಗಳೇ. ಮಕ್ಕಳಿಗೆ ಇವು ಆಟ. ನಿಮ್ಮ ತಂದೆಯವರ ಬಾಗಿಲು ಕಿರುಗುಟ್ಟುವ ಸದ್ದು ಇದೆಯಲ್ಲ, ಅದನ್ನು ಕಮಾನು ಒತ್ತಿ, ತೀರಾ ನಿಧಾನಕ್ಕೆ ಎಳೆದು ಬೇಕೆಂದೇ ಮಾಡಿಸಿ. ಒತ್ತಡ ಎಷ್ಟಾದರೆ ಸ್ವರ ಒಡೆಯುತ್ತದೆ ಅಂತ ಕೈಗೆ ಗೊತ್ತಾಗುತ್ತದೆ. ನಿಮಗೂ ಅಭ್ಯಾಸ ಆಯಿತು, ಅವರಿಗೂ ಪಾಠ ಆಯಿತು. ನಿಮಗೆ ಹೊತ್ತು ಸಿಗುತ್ತಿಲ್ಲ ಅಂದಿರಲ್ಲ, ಅದರಲ್ಲಿ ಒಂದು ಪಾಲು ಇಲ್ಲೇ ಬಿದ್ದಿದೆ.

ಇದು ನಾನು ಕಂಡುಹಿಡಿದ ವಿದ್ಯೆಯೇನಲ್ಲ. ಜರ್ಮನಿಯಲ್ಲಿ ಎರಿಖ್ ಡೋಫ್ಲೈನ್ ಎಂಬ ಪಿಟೀಲು ಮೇಷ್ಟ್ರಿದ್ದರು. ಮಕ್ಕಳ ಪಾಠದ ಪುಸ್ತಕ ಮಾಡುವಾಗ ಅದಕ್ಕೆ ಆ ಕಾಲದ ಹೊಸ ಸಂಗೀತವೇ ಬೇಕು ಅಂತ ಹಟ ಹಿಡಿದು ಹಂಗೇರಿಯ ಸಂಯೋಜಕ ಬೇಲಾ ಬಾರ್ಟೋಕ್ ಅವರನ್ನು ಕೇಳಿದರು. ಬಾರ್ಟೋಕ್ 1931ರಲ್ಲಿ ಎರಡು ಪಿಟೀಲಿಗೆ 44 ಪುಟ್ಟ ಕೃತಿಗಳನ್ನು ಬರೆದುಕೊಟ್ಟರು. ಹೆಚ್ಚಿನವು ಹಂಗೇರಿ, ರೊಮೇನಿಯಾ, ಸ್ಲೊವಾಕಿಯಾ ಕಡೆಯ ಹಳ್ಳಿ ಹಾಡುಗಳಿಂದ ಬಂದವು, ಅರಬ್ ಹಾಡು ಕೂಡ ಇದೆ. ಮೊದಲಿನವು ತೀರಾ ಸುಲಭ. ಬರಬರುತ್ತಾ ದೊಡ್ಡವರೂ ಬೆವರುವಂಥವು. ಕೆಲವು ಕಡೆ ಇಬ್ಬರೂ ಬೇರೆ ಬೇರೆ ಸ್ಕೇಲಿನಲ್ಲಿರುತ್ತಾರೆ. ಪಕ್ಕದವರ ಸ್ವರಕ್ಕೆ ವಾಲದೆ ತನ್ನದನ್ನು ಹಿಡಿದುಕೊಳ್ಳಬೇಕು. ಇಂದಿಗೂ ಇವನ್ನು ಮಕ್ಕಳೂ ನುಡಿಸುತ್ತಾರೆ, ದೊಡ್ಡ ವೇದಿಕೆಯಲ್ಲೂ ನುಡಿಸುತ್ತಾರೆ. ಅದರಲ್ಲಿ 22ನೆಯದರ ಹೆಸರು ಏನು ಹೇಳಿ? ಸೊಳ್ಳೆ ಕುಣಿತ. ನನ್ನ ಆ ಹುಡುಗನಿಗೆ ಮೂರು ವರ್ಷವಾದ ಮೇಲೆ ಅದನ್ನು ಕೊಟ್ಟೆ. ಎರಡನೇ ಪಿಟೀಲು ನಾನು.

ಇನ್ನೊಂದು ವಿಷಯ ಜನಕ್ಕೆ ಸುಲಭವಾಗಿ ಹೊಳೆಯುವುದಿಲ್ಲ. ಹಳೆಯ ಕೃತಿ ನುಡಿಸಲು ಪುಸ್ತಕ ಇದ್ದರೆ ಸಾಕು. ಹೊಸ ಕೃತಿಗೆ ಬದುಕಿರುವ ಮನುಷ್ಯರು ಬೇಕು. ಬರೆಯುವವರು, ಜೊತೆಗೆ ನುಡಿಸುವವರು, 'ಇದು ಪಿಟೀಲಿನಲ್ಲಿ ಆಗುತ್ತದಾ?' ಅಂತ ಬಂದು ಕೇಳುವವರು. ಅವರೆಲ್ಲ ಸಿಗುವುದು ಪಾಠ ನಡೆಯುವ ಜಾಗದ ಆಸುಪಾಸಿನಲ್ಲೇ. ಪಿಟೀಲಿನ ಎಲ್. ಶಂಕರ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಓದುತ್ತಾ, ಪಾಠದ ಕೆಲಸವನ್ನೂ ಮಾಡುತ್ತಾ ಇದ್ದಾಗಲೇ ಗಿಟಾರಿನ ಜಾನ್ ಮೆಕ್‌ಲಾಫ್ಲಿನ್ ಅವರ ಪರಿಚಯವಾದದ್ದು. ಅದರಿಂದ ನಮ್ಮ ಸಂಗೀತಕ್ಕೆ ಜಾಸ್ ಬೆರೆಸಿದ 'ಶಕ್ತಿ' ತಂಡ ಬಂತು. ಹೊಸ ಸಂಗೀತಕ್ಕೆ ಜಗತ್ತಿನಲ್ಲೇ ಹೆಸರಾದ ಆರ್ಡಿಟ್ಟಿ ಕ್ವಾರ್ಟೆಟ್ (ನಾಲ್ವರು ತಂತಿವಾದ್ಯದವರ ತಂಡ) 1974ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಸಂಗೀತ ಕಾಲೇಜಿನ ವಿದ್ಯಾರ್ಥಿಗಳಿಂದ ಹುಟ್ಟಿತು. ಆಮೇಲೆ ಅವರೇ ಜರ್ಮನಿಯ ಡಾರ್ಮ್‌ಸ್ಟಾಟ್ ಬೇಸಿಗೆ ಶಿಬಿರಗಳಲ್ಲಿ 1982ರಿಂದ 1996ರವರೆಗೆ ಪಾಠ ಹೇಳಿದರು. ನಿಮಗೆ ಕೃತಿ ಬರೆದುಕೊಟ್ಟ ಆ ಗೆಳೆಯರು ಎಲ್ಲಿ ಸಿಕ್ಕರು, ನೆನಪು ಮಾಡಿಕೊಳ್ಳಿ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುವಾಗಲಂತೂ ಅಲ್ಲ.

ಆರ್ಡಿಟ್ಟಿ ಹೆಸರು ಬಂತಲ್ಲ, ಒಂದು ಕಥೆ ಹೇಳಲೇಬೇಕು. ಅಮೆರಿಕದ ಸಂಯೋಜಕ ಜಾನ್ ಕೇಜ್ 1977ರಲ್ಲಿ ಪಿಟೀಲಿಗೆ 'ಫ್ರೀಮನ್ ಎಟ್ಯೂಡ್ಸ್' ಬರೆಯಲು ಶುರು ಮಾಡಿದರು. ನಕ್ಷತ್ರ ಪಟಗಳನ್ನು ಕಾಗದಕ್ಕೆ ಇಳಿಸಿ, ಅವುಗಳಿಂದ ಸ್ವರ ಆರಿಸಿ ಕಟ್ಟಿದ್ದು. ಪಕ್ಕದಲ್ಲಿ ಪಾಲ್ ಜುಕಾಫ್‌ಸ್ಕಿ ಎಂಬ ಪಿಟೀಲುಗಾರರು ಕೂತು, ಯಾವುದು ಕೈಗೆ ಸಿಗುತ್ತದೆ, ಯಾವುದು ಇಲ್ಲ ಅಂತ ಹೇಳುತ್ತಿದ್ದರು. ಇಂಥ 32 ಬಿಡಿ ಕೃತಿ ಬರೆಯುವ ಯೋಚನೆ. 18ನೆಯದಕ್ಕೆ ಬರುವಷ್ಟರಲ್ಲಿ, ಇದು ಮನುಷ್ಯರ ಕೈಯಲ್ಲಿ ಆಗುವುದಿಲ್ಲ ಅಂತ 1980ರಲ್ಲಿ ನಿಲ್ಲಿಸಿಬಿಟ್ಟರು. ವರ್ಷಗಳಾದ ಮೇಲೆ ಆ ಕ್ವಾರ್ಟೆಟ್ ಕಟ್ಟಿದ ಅರ್ವಿನ್ ಆರ್ಡಿಟ್ಟಿ ಮೊದಲಿನವನ್ನು ನುಡಿಸಿದರು, ಅದೂ ಕೇಜ್ ಎಣಿಸಿದ್ದಕ್ಕಿಂತ ವೇಗವಾಗಿ. ಕೇಜ್ ಮತ್ತೆ ಬರೆಯಲು ಕೂತರು. 1990ರಲ್ಲಿ 32 ಮುಗಿಯಿತು. ಬರೆದವರೇ ಕೈಬಿಟ್ಟಿದ್ದನ್ನು ನುಡಿಸುವವರು ಎಬ್ಬಿಸಿ ನಿಲ್ಲಿಸಿದರು. ಇಂಥ ಕೆಲಸಕ್ಕೆ ವರ್ಷಗಟ್ಟಲೆ ತಾಳ್ಮೆ ಬೇಕು. ತಿಂಗಳ ಬಾಡಿಗೆಗೆ ಪರದಾಡುವವರಿಗೆ ಆ ತಾಳ್ಮೆ ಇರುವುದಿಲ್ಲ. ಹಾಗಾಗಿ ಮತ್ತೆ ಹೇಳುತ್ತೇನೆ, ಪಾಠದ ದುಡ್ಡು ಕೀಳಲ್ಲ.

ನೀವು ಎರಡೂ ಶೈಲಿ ಕಲಿತವರು. ಇದನ್ನು ಪತ್ರದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಅದೇ ಮುಖ್ಯ ಅನಿಸಿತು. ಇಂಜಿನಿಯರಿಂಗ್ ಓದಿ ಸಂಯೋಜಕರಾದ ಕ್ಸೆನಾಕಿಸ್ ಅವರ 'ಮಿಕ್ಕಾ' ಅಂತ ಒಂದು ಪಿಟೀಲು ಕೃತಿ ಇದೆ, 1971ರದ್ದು. ಬೆರಳು ಎಲ್ಲೂ ನಿಲ್ಲದೆ ಜಾರುತ್ತಲೇ ಇರುತ್ತದೆ. ವೆಸ್ಟರ್ನ್ ಮಾತ್ರ ಕಲಿತವರಿಗೆ ಇದು ದೊಡ್ಡ ತಲೆನೋವು. ಅವರ ಕೈಗೆ ಸ್ವರ ಅಂದರೆ ಗೂಟ ಹೊಡೆದ ಜಾಗ. ನಿಮಗೆ ಜಾರು ಹುಟ್ಟಿನಿಂದ ಗೊತ್ತು. ಹಾಗಂತ ಬೀಗಬೇಡಿ. ನಮ್ಮ ಜಾರಿಗೆ ಒಂದು ಊರು ಸೇರುವ ಆಸೆ ಇರುತ್ತದೆ. ಪಂಚಮದಿಂದ ಹೊರಟರೆ ಷಡ್ಜಕ್ಕೆ ಹೋಗಿ ಕೂರಬೇಕು ಅಂತ ಬೆರಳು ತಾನಾಗಿ ಓಡುತ್ತದೆ. ಕ್ಸೆನಾಕಿಸ್ ಜಾರಿಗೆ ಊರೇ ಇಲ್ಲ. ಬೇಗ ಹೋಗುವಂತಿಲ್ಲ, ಗಮಕ ಹಾಕುವಂತಿಲ್ಲ, ಕೂರುವಂತಿಲ್ಲ. ನಾನು ಅದನ್ನು ಕಲಿಯುವಾಗ ಜಾರುವುದನ್ನು ಕಲಿಯಬೇಕಾಗಿ ಬರಲಿಲ್ಲ, ತಲುಪುವುದನ್ನು ಮರೆಯಬೇಕಾಗಿ ಬಂತು. ಅದಕ್ಕೆ ಐದು ತಿಂಗಳು ಹಿಡಿಯಿತು.

ಲಯದಲ್ಲಿ ಮಾತ್ರ ನಿಮಗೆ ಲಾಭವೇ ಲಾಭ. ನಾಲ್ಕರ ಜಾಗದಲ್ಲಿ ಐದು, ಅದರೊಳಗೆ ಏಳು ಅಂತ ಬರೆದಿರುತ್ತಾರೆ. ನೋಡಿದರೆ ಎದೆ ಝಲ್ ಅನ್ನುತ್ತದೆ. ಬಾಯಲ್ಲಿ 'ತಕತಕಿಟ', 'ತಕಿಟತಕಧಿಮಿ' ಹೇಳಿಕೊಂಡರೆ ಅರ್ಧ ಕೆಲಸ ಆಯಿತು. ಕೊರತೆ ಇರುವುದು ಓದುವುದರಲ್ಲಿ. ಬಾಯಿಪಾಠದಲ್ಲಿ ಬೆಳೆದ ನಾವು ಎರಡು ಸಲ ನೋಡಿ ಕಾಗದ ಪಕ್ಕಕ್ಕೆ ಇಡುತ್ತೇವೆ. ಹೊಸ ಸಂಗೀತದಲ್ಲಿ ಆ ಚಾಳಿ ನಡೆಯುವುದಿಲ್ಲ. ದಿನಕ್ಕೆ 20 ನಿಮಿಷ, ಮೊದಲು ನೋಡದ ಪುಟವನ್ನೇ ಓದಿ. ಕ್ರೋನೋಸ್ ಕ್ವಾರ್ಟೆಟ್‌ನವರು 2015ರಲ್ಲಿ ಶುರು ಮಾಡಿದ 'ಫಿಫ್ಟಿ ಫಾರ್ ದ ಫ್ಯೂಚರ್' ಯೋಜನೆಯಲ್ಲಿ ಈ ಕಾಲದ ಸಂಯೋಜಕರಿಂದ 50 ಕ್ವಾರ್ಟೆಟ್ ಕೃತಿಗಳನ್ನು ಬರೆಸಿ, ಇಂಟರ್ನೆಟ್‌ನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಬೇಕಾದಷ್ಟು ಸಿಗುತ್ತದೆ.

ಇದೆಲ್ಲ ಹೊರಗಿನವರ ಮಾತಾಯಿತು ಅನ್ನಬೇಡಿ. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲಿ ಅಂತ ಪಿಟೀಲಿಗೆ ಏಳು ತಂತಿ ಹಾಕಿದವರು ನಮ್ಮ ಮೈಸೂರು ಟಿ. ಚೌಡಯ್ಯನವರು. ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದ ಸಭಾಂಗಣ ಇದೆಯಲ್ಲ, ಅವರದೇ ಹೆಸರಿನದು. ಅವರು ಕಲಿಸಿದ್ದು ಆರ್.ಆರ್. ಕೇಶವಮೂರ್ತಿಯವರಿಗೆ, ಅವರೂ ಏಳು ತಂತಿಯವರೇ. ಕೇಶವಮೂರ್ತಿಯವರ ಶಿಷ್ಯೆ ಜ್ಯೋತ್ಸ್ನಾ ಶ್ರೀಕಾಂತ್. ಬೆಂಗಳೂರಿನಲ್ಲಿ ವೈದ್ಯೆಯಾಗಿ, ಲಂಡನ್ನಿಗೆ ಹೋಗಿ, ಕರ್ನಾಟಕ ಸಂಗೀತವನ್ನೂ ಜಾಸ್, ವೆಸ್ಟರ್ನ್ ಜನರ ಜೊತೆಗಿನ ಹೊಸ ಸಂಗೀತವನ್ನೂ ನುಡಿಸುತ್ತಾ ಬಂದವರು. ನಡುವೆ ಒಬ್ಬರು 'ಪಾಠ ಸಾಕು' ಅಂದಿದ್ದರೆ ಈ ಸಾಲು ಅಲ್ಲಿಗೇ ನಿಲ್ಲುತ್ತಿತ್ತು.

ಇನ್ನು ಲೆಕ್ಕಾಚಾರ. 34 ಮಕ್ಕಳು ಅಂದರೆ ವಾರಕ್ಕೆ ಕಡಿಮೆ ಅಂದರೂ 25 ಗಂಟೆ, ಓಡಾಟ ಬೇರೆ. ಅಷ್ಟು ಪಾಠ ಹೇಳಿ ರಾತ್ರಿ ಪಿಟೀಲು ಎತ್ತಿದರೆ ಕಿವಿ ಸತ್ತಿರುತ್ತದೆ. ನನ್ನ ಮಿತಿ 16 ಗಂಟೆ, ವಾರಕ್ಕೆ ನಾಲ್ಕು ದಿನ, ಮಧ್ಯಾಹ್ನ ಮೂರರ ಮೇಲೆ ಮಾತ್ರ. ಬೆಳಿಗ್ಗೆ ನನ್ನದು. ಆ ಹೊತ್ತಿಗೆ ಫೋನ್ ಇನ್ನೊಂದು ಕೋಣೆಯಲ್ಲಿರುತ್ತದೆ. ಮಕ್ಕಳು ಕಡಿಮೆಯಾದರೆ ಫೀಸು ಸ್ವಲ್ಪ ಏರಿಸಲೇಬೇಕು, ಸಂಕೋಚ ಬೇಡ. ಬಿಡಬೇಕಾದ ಮಕ್ಕಳನ್ನು ಸುಮ್ನೆ ಕೈಬಿಡದೆ, ನಿಮ್ಮ ಹತ್ತಿರ ಕಲಿತ ದೊಡ್ಡ ಹುಡುಗ ಹುಡುಗಿಯರಿಗೆ ಒಪ್ಪಿಸಿ. ಅವರಿಗೂ ಪಾಠ ಹೇಳುವುದು ಶುರುವಾಗಲಿ. ಸಿನಿಮಾ ರೆಕಾರ್ಡಿಂಗನ್ನು ಮಾತ್ರ ನೆಚ್ಚಬೇಡಿ. ಕಂಪ್ಯೂಟರಿನಲ್ಲೇ ಪಿಟೀಲು ಗುಂಪಿನ ಸದ್ದು ಮಾಡುವ ಕಾಲ ಬಂದು ಬಹಳ ದಿನವಾಯಿತು.

ಒಂದು ಪೆಟ್ಟು ತಿಂದದ್ದನ್ನೂ ಹೇಳಿಬಿಡುತ್ತೇನೆ. ಹಿಂದೊಮ್ಮೆ ಒಂದು ಸಂಸ್ಥೆಯವರು 40 ನಿಮಿಷದ ಹೊಸ ಕೃತಿ ನುಡಿಸಲು ಕರೆದರು. ಮಾತೆಲ್ಲ ಫೋನಿನಲ್ಲೇ. ಮೂರು ತಿಂಗಳು ಅಭ್ಯಾಸ ಮಾಡಿದೆ, ಎಂಟು ಮಕ್ಕಳ ಪಾಠ ನಿಲ್ಲಿಸಿದೆ. ಕಾರ್ಯಕ್ರಮಕ್ಕೆ ಒಂದು ವಾರ ಇರುವಾಗ 'ಪ್ರೋಗ್ರಾಂ ಕ್ಯಾನ್ಸಲ್ ಸರ್' ಅಂದರು. ಕೈಗೆ ಸಿಕ್ಕಿದ್ದು ಚಿಪ್ಪು. ತಪ್ಪು ಅರ್ಧ ನನ್ನದೇ. ಅವತ್ತಿನಿಂದ ಅರ್ಧ ದುಡ್ಡು ಮುಂಗಡ, ಉಳಿದದ್ದು ಯಾವಾಗ ಅಂತ ಬರಹದಲ್ಲಿ, ರದ್ದಾದರೂ ಮುಂಗಡ ವಾಪಸಿಲ್ಲ. ಹಾಸನದವರಿಗೆ ದುಡ್ಡಿನ ಮಾತಾಡಲು ನಾಚಿಕೆ ಜಾಸ್ತಿ. ನನ್ನ ಹೆಂಡತಿಯೂ ಆ ಕಡೆಯವಳೇ, ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದೇನೆ.

ಕಿವಿಯ ಬಗ್ಗೆ ಒಂದು ಮಾತು. ಪಿಟೀಲು ಕೂರುವುದು ಎಡಗಿವಿಯ ಕೆಳಗೆ. ಕಿರುಚುವ ಕೃತಿಗಳನ್ನು ಸಣ್ಣ ಕೋಣೆಯಲ್ಲಿ ಗಂಟೆಗಟ್ಟಲೆ ನುಡಿಸಿದರೆ ಮೊದಲು ಪೆಟ್ಟು ಬೀಳುವುದು ಅದಕ್ಕೇ. ಸಂಗೀತದವರಿಗೆಂದೇ ಮಾಡಿದ ಇಯರ್ ಪ್ಲಗ್ ಸಿಗುತ್ತದೆ. ಎಡಕ್ಕೆ ಒಂದು ಹಾಕಿಕೊಳ್ಳಿ. ನಾನು ತಡವಾಗಿ ಶುರು ಮಾಡಿದೆ. ಈಗ ಫೋನನ್ನು ಬಲಗಿವಿಗೇ ಹಿಡಿಯುತ್ತೇನೆ.

ಮಾಸ್ಟರ್ಸ್ ವಿಷಯ. ಸಾಲ ಮಾಡಿ ಈಗಲೇ ಹೋಗಬೇಡಿ. ಸ್ಕಾಲರ್‌ಶಿಪ್ ಸಿಕ್ಕರೆ ಮಾತು ಬೇರೆ. ಅದಕ್ಕೂ ಮೊದಲು ಒಂದು ಬೇಸಿಗೆ ಶಿಬಿರಕ್ಕೆ ಅರ್ಜಿ ಹಾಕಿ. ಡಾರ್ಮ್‌ಸ್ಟಾಟ್‌ನದು 1946ರಲ್ಲಿ ಶುರುವಾದದ್ದು, ಈಗ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಅಲ್ಲಿ ಬರೆಯುವವರೂ ನುಡಿಸುವವರೂ ಒಂದೇ ಕಡೆ ಸೇರುತ್ತಾರೆ. ನಿಮಗೆ ಈ ಬದುಕು ಒಗ್ಗುತ್ತದಾ, ಇಲ್ಲವಾ ಅಂತ ಅಷ್ಟರಲ್ಲೇ ತಿಳಿಯುತ್ತದೆ. ಅರ್ಜಿಗೆ ರೆಕಾರ್ಡಿಂಗ್ ಬೇಕು. ಹೋದ ವರ್ಷದ ಕೃತಿಯದು ಚೆನ್ನಾಗಿ ಬಂದಿಲ್ಲದಿದ್ದರೆ ಆ ಗೆಳೆಯರನ್ನು ಕರೆದು ಇನ್ನೊಮ್ಮೆ ನುಡಿಸಿ. ಮೈಕು ಕುದುರೆಗೆ ತೀರಾ ಹತ್ತಿರ ಬೇಡ, ಕಮಾನಿಗೆ ಹಚ್ಚುವ ರಾಳದ ಕರಕರವಷ್ಟೇ ಸಿಗುತ್ತದೆ. ನಾಲ್ಕೈದು ಅಡಿ ದೂರ, ತಲೆಗಿಂತ ಸ್ವಲ್ಪ ಮೇಲೆ ಇಡಿ. ಫ್ಯಾನ್ ಆಫ್ ಮಾಡುವುದನ್ನು ಮರೆಯಬೇಡಿ.